ಬಲಕ್ಕೆ ಬಿದ್ದ ಹೂವು

ಆಗ ನನಗೆ ಐವತ್ತೊಂಬತ್ತು. ಹತ್ತು ವರ್ಷದ ಹಿಂದಿನ ಮಾತು. ದೇವರು ಬಲಕ್ಕೆ ಹೂ ಕೊಟ್ಟಿತು. ನಾನು ಮನೆಗೆ ಬಂದು ಎಡಕ್ಕೆ ಬಿತ್ತು ಎಂದೆ. ಸೊಸೆ ಕವಿತಾ ನಂಬಿದಳು. ನಾನು ಮಾಡಿದ್ದು ಇಷ್ಟೇ — ಇಷ್ಟೇ ಎಂದರೆ ಸಣ್ಣದು ಎಂದಲ್ಲ.

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಹೂ ಕೇಳುತ್ತೇವೆ. ಪೂಜಾರಿಯು ಅಮ್ಮನ ವಿಗ್ರಹದ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಮನಸ್ಸಿನಲ್ಲಿರುವುದನ್ನು ಹೇಳಿ ಕೈಮುಗಿದು ನಿಲ್ಲಬೇಕು. ಬಲದ ಹೂ ಮೊದಲು ಬಿದ್ದರೆ ಮಾಡು ಎಂದರ್ಥ, ಎಡದ್ದು ಬಿದ್ದರೆ ಬೇಡ ಎಂದರ್ಥ. ಗುಬ್ಬಿ ತಾಲ್ಲೂಕಿನ ಚೇಳೂರಿನಾಚೆ, ನನ್ನ ತವರಿನ ಗುಡಿಯಲ್ಲಿ ಇದು ಈಗಲೂ ನಡೆಯುತ್ತದೆ. ಕವಿತಾ ಹುಲಿಯೂರುದುರ್ಗದವಳು. ಅವಳ ತವರಿನಲ್ಲೂ ಹೂ ಕೇಳದೆ ಒಂದು ಹಸುವನ್ನೂ ಕೊಳ್ಳುವುದಿಲ್ಲ.

ಅವಳು ತುಮಕೂರಿನ ಒಂದು ಜಾಹೀರಾತು ಕಂಪನಿಯಲ್ಲಿ ಬರೆಯುವ ಕೆಲಸಕ್ಕಿದ್ದಳು. ಸೀರೆ ಅಂಗಡಿ, ಒಡವೆ ಅಂಗಡಿ, ಟ್ಯೂಷನ್ನಿನವರು — ಎಲ್ಲರಿಗೂ ಅವಳದೇ ಸಾಲು. ಆಟೋದ ಮೈಕಿನಲ್ಲಿ ಅವಳು ಬರೆದದ್ದು ನಮ್ಮ ಬೀದಿಗೂ ಬರುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ, ಎಂಬಿಎ ಮಾಡುತ್ತೇನೆ ಎಂದಳು. ಊರಲ್ಲೇ ಸಂಜೆ ಕಾಲೇಜು, ಎರಡು ವರ್ಷ. ನನ್ನ ಮಗ ನಟೇಶನದು ಫ್ಲೆಕ್ಸ್ ಅಂಗಡಿ. ಅವನು ನಕ್ಕ.

"ಸೀರೆ ಮಾರೋಕೆ ಎಂಬಿಎ ಯಾಕೇ? ಮೈಕಲ್ಲಿ ಕೂಗೋಕೆ ಗಂಟ್ಲಿದ್ರೆ ಸಾಕು."

"ಬರೆಯೋದು ನಂಗೆ ಬರುತ್ತೆ ರೀ," ಎಂದಳು. "ಯಾವ ಸೀರೆನ ಯಾರಿಗೆ ಮಾರ್ಬೇಕು ಅಂತ ಒಂದು ರೂಮಲ್ಲಿ ಕೂತು ತೀರ್ಮಾನ ಮಾಡ್ತಾರಲ್ಲ, ಆ ರೂಮಿಗೆ ನನ್ನ ಕರೆಯಲ್ಲ. ಬಾಗ್ಲಲ್ಲಿ ನಿಂತು ಅವ್ರು ಹೇಳಿದ್ದನ್ನ ಕೇಳ್ಕೊಂಡು ಬಂದು ಬರೀತೀನಿ. ನಾನು ಒಳಗೆ ಕೂರ್ಬೇಕು."

ನಟೇಶ ತಲೆ ಕೆರೆದುಕೊಂಡ. "ಆಯ್ತು. ದೇವ್ರು ಹೂ ಕೊಟ್ರೆ ಹೋಗು. ದಿನಾ ಸಂಜೆ ನಾನೇ ಗಾಡೀಲಿ ಬಿಡ್ತೀನಿ."

ಅವನು ಹೀಗಂದಿದ್ದ. ಹಾಗಾಗಿ ಮಗನಿಗೆ ಇಷ್ಟವಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಕಾಲೇಜಿಗೆ ಸೇರುವ ಗಡುವು ಹತ್ತಿರ ಬಂದಾಗ ಕವಿತಾ ಮುಟ್ಟಾಗಿದ್ದಳು. ಗುಡಿಯೊಳಕ್ಕೆ ಹೋಗುವಂತಿರಲಿಲ್ಲ. "ಅತ್ತೆ, ನೀವೇ ಹೋಗಿ ಕೇಳ್ಕೊಂಡು ಬನ್ನಿ. ನಿಮ್ಮೂರ ದೇವ್ರು, ನಿಮ್ಮ ಮಾತು ಕೇಳುತ್ತೆ," ಎಂದಳು.

ಹೋದೆ. ಕೇಳಿದೆ. ಮೋಸ ಮಾಡಿ ಕೇಳಲಿಲ್ಲ — ಸರಿಯಾಗೇ ಕೇಳಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲದ ಹೂ ಜಾರಿ ಬಿತ್ತು. ಪೂಜಾರಿ ಅದನ್ನು ನನ್ನ ಸೆರಗಿಗೆ ಹಾಕಿದ. "ಬಲಕ್ಕೇ ಆಯ್ತು ಕಣಕ್ಕ. ಧೈರ್ಯವಾಗಿ ಕಳ್ಸು."

ಗುಬ್ಬಿ ಬಸ್‌ಸ್ಟ್ಯಾಂಡಿನವರೆಗೂ ನಿಜ ಹೇಳುವವಳೇ ಇದ್ದೆ. ಅಲ್ಲಿಂದ ತುಮಕೂರಿನ ಬಸ್ಸು ಹತ್ತಿ ಕೂತ ಮೇಲೆ — ಸಂಜೆಗಳು ಕಣ್ಣಮುಂದೆ ಬಂದವು. ಮೂರು ವರ್ಷದ ಮೊಮ್ಮಗಳು, ಒಂದು ತುತ್ತು ತಿನ್ನಬೇಕಾದರೆ ಬೀದಿಯೆಲ್ಲ ಓಡಿಸುವ ಹುಡುಗಿ, ನನ್ನ ಪಾಲಿಗೆ. ಮುದ್ದೆ ತೊಳಸುವುದು ನನ್ನ ಪಾಲಿಗೆ. ನಾನು ಹಾಯಾಗಿ ಕಾಲು ಚಾಚಿ ಟಿವಿ ಮುಂದೆ ಕೂರುವ ಹೊತ್ತು ಅದು. ಎರಡು ವರ್ಷ. ಜೊತೆಗೆ ಇನ್ನೊಂದು — ಎಸ್ಸೆಸ್ಸೆಲ್ಸಿ ಫೇಲಾದ ನನ್ನ ಮಗನ ಪಕ್ಕದಲ್ಲಿ ಎಂಬಿಎ ಹೆಂಡತಿ. ಈ ಎರಡನೆಯದನ್ನೇ ನಾನು ಇಷ್ಟು ವರ್ಷ ನನಗೆ ಹೇಳಿಕೊಂಡು ಬಂದೆ, ಮಗನಿಗಾಗಿ ಮಾಡಿದೆ ಎಂದು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಬಸ್ಸಿನಲ್ಲಿ ಮೊದಲು ನೆನಪಾದದ್ದು ಟಿವಿ.

ಕವಿತಾ ಹೊಸಿಲಿನಾಚೆ ನಿಂತಿದ್ದಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಬೆಳಗಿನಿಂದ ಏನೂ ತಿಂದಿಲ್ಲ.

"ಎಡಕ್ಕೆ ಬಿತ್ತು ಕಣಮ್ಮ," ಎಂದೆ.

ಅವಳು ದೂರದಿಂದಲೇ ಹೂವಿಗೆ ಕೈಮುಗಿದಳು. ನಾನು ಅದನ್ನು ಮಗುವಿನ ತಲೆಗೆ ಮುಡಿಸಿದೆ. ಹೋಗು ಎಂದು ದೇವರು ಕೊಟ್ಟ ಹೂವು ಸಂಜೆಯವರೆಗೂ ಆ ಮನೆಯಲ್ಲೇ ಓಡಾಡಿಕೊಂಡಿತ್ತು. ನನಗೆ ಆ ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು. ಬರಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಆಮೇಲೆ ಎರಡು ಸಲ ಅವಳು ಆ ಮಾತು ಎತ್ತಿದಳು. ಎರಡು ಸಲವೂ ನಟೇಶನದು ಒಂದೇ ಮಾತು — "ದೇವ್ರೇ ಬ್ಯಾಡ ಅಂದೈತೆ, ಮತ್ತ್ಯಾಕೆ?" ಅವಳು ಎದ್ದು ತಟ್ಟೆ ತೆಗೆಯುತ್ತಿದ್ದಳು. ನಾನು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ.

ಅವಳ ಕೈಕೆಳಗೆ ರಶ್ಮಿ ಎಂಬ ಹುಡುಗಿ ಕೆಲಸ ಕಲಿತಳು. ನಡುವೆ ಬಿಟ್ಟು ಹೋಗಿ ಎಂಬಿಎ ಮುಗಿಸಿಕೊಂಡು ಬಂದಳು. ಈಗ ಕವಿತಾ ಬರೆದದ್ದನ್ನು ನೋಡಿ ಸರಿ, ಬೇಡ ಎನ್ನುವವಳು ಅವಳೇ. ಹುಡುಗಿಗೆ ಸೊಕ್ಕಿಲ್ಲ. ಹೋದ ತಿಂಗಳು ಮನೆಗೆ ಬಂದಿದ್ದಳು. ಕಾಫಿ ಕೊಟ್ಟು ನಾನೇ ಕೇಳಿದೆ, "ಅದೇನ್ ಓದಿದ್ಯಲ್ಲವ್ವ ಎಂಬಿಎ, ಜಾಹೀರಾತಿನವ್ರಿಗೆ ಅದರಿಂದ ಏನಾದ್ರೂ ಉಪಯೋಗ ಐತಾ?"

"ಅರ್ಧ ಇದೆ, ಅರ್ಧ ಇಲ್ಲ ಅಜ್ಜಿ," ಎಂದಳು. "ಗಿರಾಕಿ ಮುಂದೆ ಕೂತು ಲೆಕ್ಕ ಹಾಕಿ ಮಾತಾಡೋದು ಅಲ್ಲಿ ಕಲ್ತೆ. ಒಂದು ಸಾಲು ಬರೆಯೋದು ಅಕ್ಕನ ಹತ್ರ ಕಲ್ತಿದ್ದೇ, ಅದನ್ನ ಯಾವ ಕಾಲೇಜೂ ಕಲಿಸ್ಲಿಲ್ಲ. ಆದ್ರೆ ಎಂಬಿಎ ಇಲ್ದೆ ಇದ್ದಿದ್ರೆ ತೀರ್ಮಾನ ಮಾಡೋ ರೂಮೊಳಕ್ಕೆ ನನ್ನ ಬಿಡ್ತಿರ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ ಅಲ್ಲಿ ಅಕ್ಕ ಕೂರ್ಬೇಕಿತ್ತು."

ಕವಿತಾ ನಕ್ಕಳು. "ನಂಗೆ ದೇವ್ರೇ ಬೇಡ ಅಂತು ಕಣೇ."

ಅರ್ಧ ಇಲ್ಲ ಎಂದಳಲ್ಲ, ಅದನ್ನು ಹಿಡಿದುಕೊಂಡು ಒಂದು ಗಳಿಗೆ ಸಮಾಧಾನ ಮಾಡಿಕೊಂಡೆ — ಅರ್ಧ ದಂಡವೇ ತಾನೇ, ಹೋಗದಿದ್ದರೆ ಏನು ಮುಳುಗಿತು ಎಂದು. ಆದರೆ ಕವಿತಾ ನಗುತ್ತಿದ್ದಳು. ಕೋಪವಾದರೂ ಇದ್ದಿದ್ದರೆ... ಅವಳಿಗೆ ದೇವರ ಮೇಲೂ ಕೋಪವಿರಲಿಲ್ಲ. ಆ ಓದು ಉಪಯೋಗವೋ ದಂಡವೋ, ಅವಳು ಹೋಗಿ, ಓದಿ, ಬೇಕಿದ್ದರೆ ಬೈದುಕೊಂಡು, ಅವಳೇ ಹೇಳಬೇಕಿದ್ದ ಮಾತು. ಮೂರನೇ ಕ್ಲಾಸಿನವರೆಗೆ ಓದಿದ ನಾನು ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿಬಿಟ್ಟಿದ್ದೆ.

ರಶ್ಮಿ ಹೋದ ಮೇಲೆ ಕವಿತಾ ಲೋಟ ತೊಳೆಯುತ್ತಿದ್ದಳು. ಹಿಂದೆ ನಿಂತು ಹೇಳಿದೆ. ಬಲಕ್ಕೆ ಬಿದ್ದಿತ್ತು, ನಾನು ಸುಳ್ಳು ಹೇಳಿದೆ. ಯಾಕೆ ಎಂಬುದನ್ನೂ ಹೇಳಿದೆ, ಟಿವಿಯನ್ನೂ ಬಿಡಲಿಲ್ಲ. ಕ್ಷಮಿಸು ಎನ್ನಲಿಲ್ಲ. ಹಾಗೆ ಅಂದಿದ್ದರೆ ಅವಳು ಆಯ್ತು ಎನ್ನಬೇಕಾಗುತ್ತಿತ್ತು.

ಅವಳು ನಲ್ಲಿ ನಿಲ್ಲಿಸಿದಳು. ತಿರುಗದೆಯೇ ಅಂದಳು, "ನೀವೇ ಬೇಡ ಅಂದಿದ್ರೆ ನಿಮ್ಮ ಹತ್ರ ಜಗಳ ಆಡ್ತಿದ್ದೆ ಅತ್ತೆ. ಗೆಲ್ತಿದ್ದೆ ಕೂಡ. ದೇವ್ರ ಹತ್ರ ಹೆಂಗ್ ಆಡ್ಲಿ?"

ಮತ್ತೆ ನಲ್ಲಿ ಬಿಟ್ಟಳು. ನನಗೆ ಅಷ್ಟೇ ಸಿಕ್ಕಿದ್ದು, ಅಷ್ಟೇ ಸಿಗಬೇಕಾದದ್ದು. ಆ ರಾತ್ರಿ ಅವಳು ಗಂಡನಿಗೆ ಹೇಳಲಿಲ್ಲ. ಅವಳು ಹೇಳಬಾರದು, ಅದು ನನ್ನ ಕೆಲಸ ಎಂದು ಆಗ ಹೊಳೆಯಿತು. ಮಗನ ಎದುರು ಸಣ್ಣವಳಾಗುವುದು ಕಷ್ಟ. ಸೊಸೆಯ ಎದುರಿಗಿಂತ ಕಷ್ಟ.

ಮಾರನೇ ಬೆಳಿಗ್ಗೆ ನಟೇಶ ರೊಟ್ಟಿ ತಿನ್ನುತ್ತಾ ಕೂತಿದ್ದ. ಕವಿತಾ ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅವಳು ಹೋಗುವ ಮೊದಲೇ ಆಗಬೇಕು ಎಂದು, ಒಲೆ ಆರಿಸಿ ಅವನ ಮುಂದೆ ಕೂತೆ.

"ನಟೇಶ, ತಿನ್ನೋದು ನಿಲ್ಸಿ ಕೇಳ್ಲಾ," ಎಂದೆ. "ಆವತ್ತು ದೇವ್ರು ಬ್ಯಾಡ ಅನ್ಲಿಲ್ಲ. ಬ್ಯಾಡ ಅಂದೋಳು ನಾನು."