ಬಳಸುವವರು ಯಾರೂ ಇಲ್ಲವಂತೆ

ಆಸ್ಪತ್ರೆಯ ವಿಚಾರಣೆ ಕಿಟಕಿಯ ಹಿಂದೆ ಕೂರುವ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ‘ಕಿಟಕಿ ಅಕ್ಕ’ ಎಂದೇ. ಅವಳಿಗೆ ಹುಟ್ಟಿನಿಂದಲೂ ಕಣ್ಣು ಕಾಣದು. ಯಾವ ರೋಗಿ ಯಾವ ವಾರ್ಡಿನಲ್ಲಿದ್ದಾರೆ, ಯಾವ ಡಾಕ್ಟರು ಯಾವಾಗ ಬರುತ್ತಾರೆ ಎಂಬುದನ್ನೆಲ್ಲ ಕಂಪ್ಯೂಟರಿಗೆ ಸಿಕ್ಕಿಸಿದ ಪುಟ್ಟ ಡಬ್ಬಿಯೊಂದು ಓದಿ ಅವಳ ಕಿವಿಗೆ ಹೇಳುತ್ತಿತ್ತು. ಮೂಗಿನಲ್ಲಿ ಮಾತಾಡುವ ಆ ಡಬ್ಬಿಗೆ ‘ಗೊಣಗಪ್ಪ’ ಎಂದು ಹೆಸರಿಟ್ಟಿದ್ದಳು.

ಅದನ್ನು ಜೋಡಿಸಿಕೊಟ್ಟವನು ತಮ್ಮ. ಕಂಪ್ಯೂಟರಿನ ತಿರುಳಾದ ಕರ್ನಲ್ ಬರೆಯುವ ದೊಡ್ಡ ಗುಂಪಿನಲ್ಲಿ ಅವನೂ ಒಬ್ಬ. ಡಬ್ಬಿಗೂ ಕರ್ನಲ್‌ಗೂ ನಡುವೆ ಮಾತು ಸಾಗಿಸುವ ಹಳೆಯ ದಾರಿಯೊಂದಿತ್ತು. ಅದನ್ನು ನೋಡಿಕೊಳ್ಳುವ ಹೊಣೆಯೂ ಅವನದೇ. “ನಾನಿರೋ ತನಕ ಇದಕ್ಕೇನೂ ಆಗಲ್ಲ ಬಿಡಕ್ಕ,” ಎಂದಿದ್ದ. ಅಮ್ಮ ತೀರಿಕೊಂಡ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಅವನ ಮಾತನ್ನು ಅನುಮಾನಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಒಂದು ಸೋಮವಾರ ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಕರ್ನಲ್‌ನ ಹೊಸ ಆವೃತ್ತಿ ಬಂತು. ಗೊಣಗಪ್ಪ ತುಟಿಪಿಟಕ್ಕೆನ್ನಲಿಲ್ಲ.

“ನಮ್ಮೆಜಮಾನ್ರನ್ನ ಆಪರೇಷನ್ನಿಗೆ ಕರ್ಕೊಂಡು ಹೋದ್ರಂತೆ. ಎಲ್ಲಿಗಮ್ಮಾ?” ಕಿಟಕಿಯಾಚೆಯ ಮುದುಕಿ ಕೇಳುತ್ತಲೇ ಇದ್ದಳು.

“ಗೊತ್ತಾಗ್ತಿಲ್ಲಮ್ಮ,” ಎಂದಳು. ಸಾಲಿನ ಹಿಂದಿನಿಂದ ಯಾರೋ, “ಗೊತ್ತಿಲ್ದೋರನ್ನ ಯಾಕಾದ್ರೂ ಇಲ್ಲಿ ಕೂರಿಸ್ತಾರೋ,” ಎಂದರು. ಅವಳು ರಿಪೇರಿಯವರಿಗೆ ಹೇಳಿ ಕಳಿಸಿದಳು.

ಕಂಪ್ಯೂಟರ್ ರಿಪೇರಿಯವರು ಬಂದು ಹುಡುಕಾಡಿದರು. “ಆ ಹಳೇ ದಾರೀನ ಕರ್ನಲ್‌ನಿಂದ ಕಿತ್ತು ಹಾಕಿದಾರೆ ಅಕ್ಕ. ಬಳಸೋರು ಯಾರೂ ಇಲ್ಲ ಅಂತ ಕಾರಣ ಕೊಟ್ಟಿದಾರೆ.”

“ಕೊಟ್ಟಿದ್ದು ಯಾರು?”

ಅವರು ತಡವರಿಸಿ, ಅವಳ ತಮ್ಮನ ಹೆಸರು ಹೇಳಿದರು.

ಊಟದ ಬಿಡುವಿನಲ್ಲಿ ಅವನಿಗೆ ಫೋನ್ ಮಾಡಿದಳು. “ನಾನು ಯಾರೂ ಅಲ್ವೇನೋ?”

“ಹಾಗಲ್ಲಕ್ಕ. ಅದು ಓಬೀರಾಯನ ಕಾಲದ ಪ್ರೋಗ್ರಾಂ, ತುಂಬಾ ತೂತು. ಕಳ್ಳರಿಗೆ ಬಾಗಿಲು ತೆಗೆದಿಟ್ಟ ಹಾಗೆ. ನಿಂಗೆ ಹೊಸ ಡಬ್ಬಿ ತರೋಣ ಅಂತಿದ್ದೆ. ಮರ್ತೇಹೋಯ್ತು.”

“ನಾನು ತೆಗೀಬೇಡ ಅಂದ್ನಾ? ಒಂದು ಮಾತು ಹೇಳಿ ತೆಗೀಬಾರ್ದಿತ್ತಾ? ನಿನ್ನೆ ಭಾನುವಾರ ನನ್ನ ಪಕ್ಕದಲ್ಲೇ ಕೂತು ಉಂಡೆಯಲ್ಲೋ.”

ಅವಳು ಫೋನ್ ಇಟ್ಟಳು.

ಅಳಲಿಲ್ಲ. ರಿಪೇರಿಯವರನ್ನು ಕೂರಿಸಿಕೊಂಡು ಕರ್ನಲ್ ಗುಂಪಿಗೆ ಬರೆಸಿದಳು: ‘ಆ ದಾರಿಯನ್ನು ನಾನು ಬಳಸುತ್ತೇನೆ. ತೆಗೆದವರಿಗೆ ಅದು ಗೊತ್ತಿತ್ತು.’

ಗುಂಪಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಬದಲಿ ವ್ಯವಸ್ಥೆ ಆಗುವ ತನಕ ಹಳೆಯದನ್ನು ಮರಳಿ ಸೇರಿಸಬೇಕೆಂದು ಮುಖ್ಯಸ್ಥರು ಹೇಳಿದರು. ಗುಂಪಿನಲ್ಲಿದ್ದ, ಅವಳಿಗೆ ಪರಿಚಯವೇ ಇಲ್ಲದ ಒಬ್ಬ ಹೆಂಗಸು ಅದೇ ಡಬ್ಬಿ ಕರ್ನಲ್‌ನ ಹೊಸ, ಭದ್ರವಾದ ದಾರಿಯಲ್ಲೂ ಮಾತಾಡುವಂತೆ ಪ್ರೋಗ್ರಾಂ ಬರೆದುಕೊಟ್ಟಳು. ತಮ್ಮ ಎಲ್ಲರೆದುರು ಕ್ಷಮೆ ಕೇಳಿದ.

ಮುಂದಿನ ಭಾನುವಾರ ಮನೆಗೆ ಬಂದವನು, “ಗುಂಪಲ್ಲಿ ನನ್ನ ಮಾನ ಹರಾಜು ಹಾಕ್ಬಿಟ್ಟೆಯಲ್ಲಕ್ಕ,” ಎಂದ.

“ನಾನೇನು ಸುಳ್ಳು ಬರೆಸಿದ್ನಾ?”

ಅವಳು ಎಂದಿನಂತೆ ಬಡಿಸಿದಳು, ಇನ್ನಷ್ಟು ಹಾಕಿಸಿಕೋ ಎಂದು ಒತ್ತಾಯಿಸಲಿಲ್ಲ. ಅವನು ಕೈ ತೊಳೆದು ಬಂದು, “ಒಂದ್ಸಲ ಆಸ್ಪತ್ರೆಗೆ ಬಂದು ಕಂಪ್ಯೂಟರ್ ನೋಡ್ಲಾ ಅಕ್ಕ?” ಎಂದು ಮೆಲ್ಲಗೆ ಕೇಳಿದ.

“ಬೇಡ. ರಿಪೇರಿಯವರು ನೋಡ್ತಾರೆ,” ಎಂದಳು.