ಬಿಸಿಲೇರಿದ ಮೇಲೆ ಏಳುವ ಮೋಟಾರು

ನಮ್ಮ ಕಡೆ ಮನೆ ಕಟ್ಟುವಾಗ ಮೊದಲು ತೆಂಗಿನಕಾಯಿಗೆ ಜಾಗ ಬಿಡುತ್ತಾರೆ, ಉಳಿದದ್ದರಲ್ಲಿ ಮನುಷ್ಯರು ಹೊಂದಿಕೊಳ್ಳುತ್ತಾರೆ. ಕಾಯಿ ಒಮ್ಮೆ ಅಟ್ಟ ಹತ್ತಿತೋ, ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುವ ತನಕ, ಅಂದರೆ ವರ್ಷದ ಹತ್ತಿರ ಹತ್ತಿರ, ಅದನ್ನು ಯಾರೂ ಮುಟ್ಟುವಂತಿಲ್ಲ. ಸೊಸೆಯಾಗಿ ಬಂದ ನನಗೆ ಅಂಥ ವಿಶ್ರಾಂತಿ ಒಂದು ಮಧ್ಯಾಹ್ನವೂ ಸಿಕ್ಕಿರಲಿಲ್ಲ.

ಆದರೂ ಕಾದಾಡಿ ಬೀದಿ ಬದಿಯ ಕೋಣೆಯನ್ನು ಕಾಯಿಯಿಂದ ಬಿಡಿಸಿಕೊಂಡೆ. ಅಲ್ಲಿ ಒಂದು ಕಂಪ್ಯೂಟರ್ ಕಸೂತಿ ಮಷೀನು ಇಟ್ಟೆ. ಷೋಕಿಗಲ್ಲ. ರವಿಕೆಗಳ ಮೇಲೆ ಕೈಯಲ್ಲೇ ಜರಿ ಕೆಲಸ ಮಾಡಿ ಮಾಡಿ ನನ್ನ ಬೆರಳ ಗಿಣ್ಣುಗಳು ಊದಿಕೊಂಡಿದ್ದವು. ತಿಪಟೂರಿನ ಡಾಕ್ಟರು, "ಸೂಜಿ ಕೆಳಗಿಡಿ, ಇಲ್ಲಾಂದ್ರೆ ನಾಳೆ ಲೋಟ ಹಿಡಿಯೋಕೂ ಆಗಲ್ಲ," ಎಂದಿದ್ದರು. ಹೊಲಿಗೆ ಬಿಟ್ಟು ನನಗೆ ಬೇರೆ ಏನೂ ಬರುವುದಿಲ್ಲ. ಆ ಮಷೀನು ನನ್ನ ಕೈ.

ಚಳಿಗಾಲದ ಒಂದು ಬೆಳಿಗ್ಗೆ ಅದು ಮುಷ್ಕರ ಹೂಡಿತು. ಸೂಜಿ ಮೇಲೆ ಕೆಳಗೆ ಕುಣಿಯುತ್ತದೆ, ಬಟ್ಟೆ ಬಿಗಿದ ಚೌಕಟ್ಟು ಮಾತ್ರ ಎಡಕ್ಕೂ ಸರಿಯದು, ಬಲಕ್ಕೂ ಸರಿಯದು. ಚೌಕಟ್ಟನ್ನು ಎಳೆಯುವುದು ಸ್ಟೆಪ್ಪರ್ ಮೋಟಾರು. ಫ್ಯಾನಿನ ಹಾಗೆ ಗಿರಗಿರ ಸುತ್ತುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಈಗ ಅದು ನಿಂತಲ್ಲೇ ಗುಂಯ್ ಎನ್ನುತ್ತಾ ಬಿಸಿಯಾಗುತ್ತಿತ್ತು.

ನಮ್ಮ ಬೀದಿಯವರೆಲ್ಲ ಇಂಜಿನಿಯರಿಂಗ್ ಓದಿದ್ದಾರೆಂದು ನನಗೆ ತಿಳಿದದ್ದು ಆಗಲೇ. "ವೋಲ್ಟೇಜ್ ಸಾಲ್ದು ಕಣಮ್ಮ," ಎಂದರು ಒಬ್ಬರು. "ದೃಷ್ಟಿ ಆಗೈತೆ, ಮೆಣಸಿನಕಾಯಿ ನಿವಾಳಿಸಿ ಬುಡು," ಎಂದರು ಇನ್ನೊಬ್ಬರು. ನನ್ನ ಗಂಡನ ಬಳಿ ರೋಗವೂ ಇರಲಿಲ್ಲ, ಮದ್ದೂ ಇರಲಿಲ್ಲ, ಗಡುವು ಮಾತ್ರ ಇತ್ತು.

"ಅಟ್ಟ ತುಂಬೈತೆ. ಭಾನುವಾರ ಶೆಟ್ಟಿಕೆರೆ ತೋಟದ ಕಾಯಿ ಬತ್ತವೆ. ಮಷೀನು ಓಡ್ತಿದ್ರೆ ಸರಿ, ಇಲ್ಲಾಂದ್ರೆ ಈ ರೂಮಿಗೇ ಸುರಿಸ್ತೀನಿ ಕಣೇ."

ಕಾಯಿ ಒಳಗೆ ಬಂದರೆ ಇನ್ನೊಂದು ವರ್ಷ ಹೊರಗೆ ಹೋಗದು. ಅಷ್ಟರಲ್ಲಿ ಗಿರಾಕಿಗಳು ನನ್ನ ಹೆಸರೂ ಮರೆತಿರುತ್ತಾರೆ. ನನಗೆ ನಿಜಕ್ಕೂ ಭಯವಾಗಿತ್ತು, ಭಯವಾದಾಗೆಲ್ಲ ನಾನು ಕಿರುಚಾಡುತ್ತೇನೆ. ಅಂದು ಗಂಡ, ಬೆಕ್ಕು, ವಿದ್ಯುತ್ ಇಲಾಖೆ ಯಾರನ್ನೂ ಬಿಡಲಿಲ್ಲ.

ಅತ್ತೆಯನ್ನು ಮಾತ್ರ ಬಾಯಿಬಿಟ್ಟು ಬೈಯಲಿಲ್ಲ, ಮನಸ್ಸಿನಲ್ಲೇ ಬೈದೆ. ಅವರು ದಿನವೂ ಬಂದು ಹೊಸ್ತಿಲ ಬಳಿ ಕೂತು, ಮಾತಿಲ್ಲದೆ ಕೋಣೆಯನ್ನು ನೋಡುತ್ತಿದ್ದರು. ಎಷ್ಟು ಕಾಯಿ ಹಿಡಿಯುತ್ತದೆಂದು ಕಣ್ಣಲ್ಲೇ ಅಳೆಯುತ್ತಿದ್ದಾರೆ ಎಂದುಕೊಂಡೆ.

ಮಷೀನು ಕೊಟ್ಟ ಅಂಗಡಿಯವರು ಫೋನಿನಲ್ಲಿ ಹೇಳಿದ್ದನ್ನು ಒಂದೊಂದಾಗಿ ಮಾಡಿದೆ. ಕರೆಂಟು ತೆಗೆದು, ಚೌಕಟ್ಟನ್ನು ಅಡ್ಡಡ್ಡ ಎಳೆಯುವ ಮೋಟಾರಿನ ವೈರನ್ನೂ ಹಿಂದೆ ಮುಂದೆ ಎಳೆಯುವ ಮೋಟಾರಿನ ವೈರನ್ನೂ ಅದಲುಬದಲು ಮಾಡಿದೆ. ಆಗಲೂ ಕೈಕೊಟ್ಟದ್ದು ಅಡ್ಡ ಎಳೆಯುವುದೇ. ಹಾಗಾದರೆ ವೈರು, ಮೋಟಾರಿಗೆ ಅಪ್ಪಣೆ ಕೊಡುವ ಬೋರ್ಡು ಎರಡೂ ಸರಿ. ಆಮೇಲೆ ಮೋಟಾರಿಗೂ ಚೌಕಟ್ಟಿಗೂ ನಡುವಿನ ಬೆಲ್ಟನ್ನು ಬಿಚ್ಚಿ ನೋಡಿದೆ. ಮೋಟಾರು ಒಂಟಿಯಾಗಿ ಟಿಕಟಿಕ ಎಂದು ಚೆನ್ನಾಗಿಯೇ ತಿರುಗಿತು. ಖುಷಿಯಾಗಿ ಬೆಲ್ಟು ಏರಿಸುವಷ್ಟರಲ್ಲಿ ಬಿಸಿಲು ಒಳಗೆ ಬಂದಿತ್ತು, ಚೌಕಟ್ಟೂ ಬೆಣ್ಣೆಯ ಹಾಗೆ ಜಾರಿತು. ಗೆದ್ದೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಮತ್ತೆ ಗುಂಯ್.

"ಬಿಸಿಲು ಬಂದ ಮೇಲೆ ಏಳೋದಾ? ನಿನ್ ಮಷೀನು ದೊಡ್ಡ ಸಾಹುಕಾರ ಕಣೇ!" ಎಂದು ಗಂಡ ನಕ್ಕರು. ನನ್ನ ಕೈಯಲ್ಲಿ ಸ್ಪಾನರ್ ಇತ್ತು. ಅವರು ಬುದ್ಧಿವಂತರು, ತೋಟಕ್ಕೆ ಹೊರಟುಬಿಟ್ಟರು.

ಶನಿವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳೋಣವೆಂದು ಬಾಟಲಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಚಳಿಗೆ ಕೊಬ್ಬರಿ ಎಣ್ಣೆ ಬಿಳಿ ಗಟ್ಟಿಯಾಗಿ ಕೂತಿತ್ತು. ಪ್ರತಿ ಚಳಿಗಾಲವೂ ಕಾಣುವ ಸಂಗತಿ. ಒಲೆಯ ಪಕ್ಕ ಇಟ್ಟರೆ ಕರಗುತ್ತದೆ, ಬಿಸಿಲಿಗಿಟ್ಟರೂ ಕರಗುತ್ತದೆ. ಬಿಸಿಲಿಗಿಟ್ಟರೆ! ತಲೆ ಕೆದರಿಕೊಂಡೇ ಕೋಣೆಗೆ ಓಡಿದೆ. ಚೌಕಟ್ಟು ಓಡಾಡುವ ಕಂಬಿಯ ಕೆಳಗೆ ಬೆರಳಾಡಿಸಿದೆ. ದಾರದ ಎಳೆ, ಧೂಳು ಬೆರೆತ ಬಿಳಿ ಜಿಡ್ಡು ಬಂತು. ಮೂಸಿದೆ. ನಮ್ಮದೇ ಕೊಬ್ಬರಿಯ ಎಣ್ಣೆ.

ನಮ್ಮ ಮನೆಯಲ್ಲಿ ಈ ಎಣ್ಣೆಗೆ ಆಗದ ಕೆಲಸವಿಲ್ಲ. ಕಿವಿ ನೋವಿಗೆ, ಬಾಗಿಲ ತಿರುಗಣಿಗೆ, ಹಸುವಿನ ಗಾಯಕ್ಕೆ, ಸೈಕಲ್ ಚೈನಿಗೆ. ಹೊಸದಾಗಿ ಬಂದ ಮೋಟಾರು ಯಾವ ಲೆಕ್ಕ?

"ಯಾರು ಹಾಕಿದ್ದು ಇದಕ್ಕೆ ಎಣ್ಣೆ?" ಎಂದು ಮನೆ ಹಾರುವಂತೆ ಕೂಗಿದೆ.

ಅಡುಗೆಮನೆಯಿಂದ ಅತ್ತೆ ಬಂದರು. "ನಾನೇ ಕಣೇ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದೊಂದು ತೊಟ್ಟು ಬುಡ್ತಿದ್ದೆ. ಅದೂ ದುಡಿಯೋ ಜೀವ ಅಲ್ವಾ? ನಿಂತೋದ್ರೆ ನಿನ್ ರೂಮು ಹೋಯ್ತದೆ ಅಂತ, ಮೊನ್ನೆಯಿಂದ ಇನ್ನೂ ಎಲ್ಡು ತೊಟ್ಟು ಜಾಸ್ತಿನೇ ಹಾಕ್ದೆ."

ನನ್ನ ಸಿಟ್ಟು ಎಲ್ಲಿಗೋ ಹೋಯಿತು. ಇಷ್ಟು ದಿನ ಮನಸ್ಸಿನಲ್ಲಿ ಬೈದದ್ದೆಲ್ಲ ಅವರಿಗೆ ಕೇಳಿಸಿಬಿಟ್ಟಿದೆಯೇನೋ ಅನ್ನಿಸಿತು. ಎಣ್ಣೆ ಗಟ್ಟಿಯಾದದ್ದನ್ನು ಮೆಲ್ಲಗೆ ಹೇಳಿದೆ. ಅವರು ಬಗ್ಗಿ ನೋಡಿ, "ಅಯ್ಯೋ ನನ್ನ ಕೈಗಿಷ್ಟು!" ಎಂದು ತಾವೇ ಬಿಸಿನೀರು ಕಾಯಿಸಿದರು. ಇಬ್ಬರೂ ಸೇರಿ ಬಟ್ಟೆ ಅದ್ದಿ ಹಿಂಡಿ ಕಂಬಿ ಒರೆಸಿದೆವು. ಒಣಗಿಸಿ, ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ. ಭಾನುವಾರದ ಕೊರೆಯುವ ಬೆಳಿಗ್ಗೆಯೇ ಚೌಕಟ್ಟು ಓಡಾಡಿತು.

ಅಷ್ಟರಲ್ಲಿ ಕಾಯಿಯ ಟ್ರ್ಯಾಕ್ಟರು ಬಂದು ನಿಂತಿತು. ಮಷೀನು ಓಡುತ್ತಿದ್ದುದನ್ನು ಕಂಡರೂ ಗಂಡ, "ಇದೊಂದ್ಸಲ ಅರ್ಧ ರೂಮು ಬುಟ್ಕೊಡೇ, ಬೇರೆ ಎಲ್ಲಿ ಹಾಕ್ಲಿ?" ಎಂದು ಒಳಗೆ ಕಾಲಿಡಲು ಬಂದರು. ಅತ್ತೆ ಹೊಸ್ತಿಲಲ್ಲಿ ಕಾಲು ನೀಡಿ ಕೂತಿದ್ದರು, ಕಾಲು ಮಡಿಸಲಿಲ್ಲ.

"ನಿನ್ ಟೀವಿ ರೂಮಿಗೆ ಸುರ್ಕೋ ಹೋಗ್ಲಾ," ಎಂದರು ಮಗನಿಗೆ. "ನಿನ್ನ ಹೆತ್ತಾಗ ನಂಗೆ ಈ ಮನೇಲಿ ಕಾಯಿ ರಾಶಿ ಮಗ್ಗುಲಲ್ಲಿ ಚಾಪೆ ಹಾಸಿದ್ರು. ಬಾಣಂತಿಗೆ ಅಂತ ಅರ್ಧ ರೂಮೂ ಯಾರೂ ಬುಡ್ಲಿಲ್ಲ."