ಕೇಳದೆ ಬಂದ ಕಂದುಬಣ್ಣ

ನಾನು ಕೆಲಸ ಮಾಡುವುದು ಪರದೇಶದ ಮೆಡೋವೇಲ್ ಎಂಬ ಊರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ. ರೋಗಿಗಳ, ಸತ್ತವರ ಅಂಗಾಂಶದ ಚೂರುಗಳನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿದ ಪುಟ್ಟ ಬಿಲ್ಲೆಗಳು ಅಲ್ಲಿ ಗೋಡೆ ತುಂಬ ಇವೆ. ನನ್ನ ಗಂಡ ಅದಕ್ಕೆ ಮೇಣದಬತ್ತಿ ಅಂಗಡಿ ಎಂದು ಹೆಸರಿಟ್ಟಿದ್ದಾರೆ. ಅವರು ಆ ಕೋಣೆಯಲ್ಲಿ ಒಬ್ಬರೇ ಸ್ವಲ್ಪ ಹೊತ್ತು ಕೂತು ನೋಡಲಿ, ಆಮೇಲೆ ನಗಲಿ.

ಕಳೆದ ಚಳಿಗಾಲದಲ್ಲಿ ಒಬ್ಬ ಹೆಂಗಸಿನ ಶ್ವಾಸಕೋಶದ ಬಿಲ್ಲೆ ಬಂತು. ಜ್ವರ ಬಂದು ದಿಢೀರನೆ ತೀರಿಕೊಂಡಿದ್ದಳು. ನಮ್ಮ ಡಾಕ್ಟರು ಮೈಸೂರಿನವರು. ಇಬ್ಬರೇ ಇದ್ದರೆ ಕನ್ನಡ.

"ಇದನ್ನ ಬೇಗ ಮಾಡ್ಬಿಡಮ್ಮ. ಮೊದಲು ಫ್ಲೂ ಬಂದಿದ್ದು ಗಂಡನಿಗಂತೆ. ನಾನೇ ಅವಳನ್ನ ಕೊಂದ್ನಾ ಅಂತ ದಿನಾ ಫೋನ್ ಮಾಡ್ತಾರೆ."

ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಎರಡು ಪದರ ಹೆರೆದು ಎರಡು ಗಾಜಿನ ಮೇಲೆ ಕೂರಿಸಿದೆ. ಒಂದಕ್ಕೆ ಫ್ಲೂ ವೈರಸ್ಸನ್ನೇ ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ. ಅದು ಅಂಟಿದ ಕಡೆ ಕಂದುಬಣ್ಣ ಏಳುತ್ತದೆ. ಇನ್ನೊಂದಕ್ಕೆ ಆಂಟಿಬಾಡಿ ಬಿಟ್ಟು ಉಳಿದದ್ದೆಲ್ಲ ಹಾಕುತ್ತೇವೆ. ಅದರಲ್ಲಿ ಕಂದು ಕಾಣಲೇಬಾರದು.

ಮೊದಲನೆಯದರಲ್ಲಿ ಕಂದು ಎದ್ದಿತ್ತು. ಅಯ್ಯೋ ಪಾಪ ಎಂದುಕೊಂಡು ಎರಡನೆಯದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಅದೂ ಕಂದು, ಅಷ್ಟೇ ದಟ್ಟ. ನಾನು ಪ್ರಶ್ನೆಯನ್ನೇ ಕೇಳಿರಲಿಲ್ಲ, ಅವಳು ಹೌದು ಹೌದು ಎನ್ನುತ್ತಿದ್ದಳು. ಹೊರಗೆ ಹಿಮದ ಮೇಲೆ ಮಟಮಟ ಮಧ್ಯಾಹ್ನದ ಬಿಸಿಲು. ಆದರೂ ಎದ್ದು ಹೋಗಿ ಬಾಗಿಲು ತೆರೆದಿಟ್ಟೆ.

ಡಾಕ್ಟರು ನೋಡಿ, "ದೆವ್ವ ಅಲ್ಲ ಕಣೆ, ರಕ್ತ," ಎಂದರು. ಶ್ವಾಸಕೋಶದಲ್ಲಿ ನಿಂತ ರಕ್ತಕ್ಕೆ ತಾನಾಗಿಯೇ ಆ ಬಣ್ಣ ಎಬ್ಬಿಸುವ ಗುಣವಿದೆ. ಅದನ್ನು ಸುಮ್ಮನಾಗಿಸಲು ಮೊದಲು ಪೆರಾಕ್ಸೈಡ್ ಹಾಕುತ್ತೇವೆ. ನಮ್ಮ ಬಾಟಲಿಯ ಸತ್ವ ಹೋಗಿತ್ತು. ಹೊಸದನ್ನು ತೆರೆದು ಎಲ್ಲವನ್ನೂ ಮತ್ತೆ ಮಾಡಿದೆ.

ಈ ಸಲ ಅವಳ ಎರಡೂ ಗಾಜಿನಲ್ಲಿ ಕಂದು ಇಲ್ಲ, ಹಿನ್ನೆಲೆಗೆಂದು ಹಾಕುವ ನೀಲಿ ಬಣ್ಣವಷ್ಟೇ. ಫ್ಲೂ ಇದೆಯೆಂದು ಗೊತ್ತಿದ್ದ ಬೇರೊಬ್ಬರ ಚೂರನ್ನು ತಾಳೆ ನೋಡಲು ಜೊತೆಗಿಟ್ಟಿದ್ದೆ, ಅದರಲ್ಲಿ ಮಾತ್ರ ಕಂದು. ಅಂದರೆ ಇವಳಲ್ಲಿ ಫ್ಲೂ ಸಿಗಲಿಲ್ಲ. ಮುಖ ಕಾಣದ ಆ ಗಂಡನಿಗಾಗಿ ನನಗೆ ಕುಣಿಯುವಷ್ಟು ಖುಷಿಯಾಯಿತು.

ಡಾಕ್ಟರು ಅವನಿಗೆ ಫೋನ್ ಮಾಡಿ ಬಂದು ನನ್ನ ಪಕ್ಕ ಕೂತರು.

"ನಿರಾಳ ಆಗತ್ತೆ ಅಂದ್ಕೊಂಡಿದ್ದೆ."

"ಆಗ್ಲಿಲ್ವಾ?"

"ಇಲ್ಲ. ತಿರುಗಿ ಕೇಳ್ತಾರೆ, ನನ್ನಿಂದ ಅಲ್ಲ ಅಂದ್ರೆ ನಮ್ಮನೆಗೆ ಬಂದಿದ್ದು ಏನು ಡಾಕ್ಟರ್? ಮಕ್ಕಳು ಇನ್ನೂ ಇಲ್ಲೇ ಮಲಗ್ತಾವೆ, ಅಂತ."